ಬೋರ್ಡೋ ಎಂಬ ಊರು

ಬೋರ್ಡೋ ಎಂದರೆ ದೊಡ್ಡ ಪೇಟೆಯವರಿಗೆ ಫ್ರಾನ್ಸಿನ ಕೆಂಪು ವೈನು ನೆನಪಾಗುತ್ತದೆ. ನಮ್ಮ ಸುಳ್ಯ, ಪುತ್ತೂರು ಕಡೆಯ ತೋಟದ ಮನೆಯ ಹೆಂಗಸರಿಗೆ ನೆನಪಾಗುವುದು ಮದ್ದು ಬಿಡುವ ದಿನ. ಮೇ ತಿಂಗಳ ಕೊನೆಗೆ ಆಕಾಶ ಕಪ್ಪಾಗತೊಡಗಿದರೆ ಅಂಗಳದ ಮೂಲೆಗೆ ಡ್ರಮ್ಮುಗಳು ಬಂದವೆಂದೇ ಲೆಕ್ಕ. ಒಂದರಲ್ಲಿ 50 ಲೀಟರು ನೀರಿಗೆ 1 ಕಿಲೋ ಮೈಲುತುತ್ತು, ಇನ್ನೊಂದರಲ್ಲಿ 50 ಲೀಟರಿಗೆ 1 ಕಿಲೋ ಸುಣ್ಣ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ಸುಣ್ಣವನ್ನು ಮೈಲುತುತ್ತಿಗೆ ಹೊಯ್ಯಬಾರದು. ಹೊಯ್ದ ಮೇಲೆ ಹೊಳೆಯುವ ಚೂರಿಯ ಅಲಗನ್ನು ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಅತ್ತೆ ನನಗೆ ಸಾರು ಮಾಡುವುದನ್ನು ಕಲಿಸುವ ಮೊದಲು ಇದನ್ನು ಕಲಿಸಿದ್ದರು.

ಇಷ್ಟೆಲ್ಲ ಕೊಳೆರೋಗಕ್ಕಾಗಿ. ಜೂನ್, ಜುಲೈಯಲ್ಲಿ ಮಳೆ ಬಿಡದೆ ಹೊಡೆದರೆ ಎಳೆ ಅಡಿಕೆಯ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ. ಆಮೇಲೆ ಗೊನೆ ಗೊನೆಯೇ ಉದುರಿ, ವರ್ಷದ ಅನ್ನ ಮರದ ಬುಡದಲ್ಲಿ ಕೊಳೆತು ಬಿದ್ದಿರುತ್ತದೆ. ಮದ್ದು ಒಮ್ಮೆ ಬಿಟ್ಟರೆ ಮುಗಿಯಲಿಲ್ಲ. 40-45 ದಿನಕ್ಕೆ ಎರಡನೆಯದು, ಮಳೆ ಹಟ ಹಿಡಿದರೆ ಮೂರನೆಯದು. ಮರ ಹತ್ತುವವರು ಬಂದ ದಿನ ಮಳೆ ಬಿಡುವುದಿಲ್ಲ, ಮಳೆ ಬಿಟ್ಟ ದಿನ ಅವರು ಬರುವುದಿಲ್ಲ. ಈಗ ಕಾರ್ಬನ್ ಫೈಬರಿನ ದೋಟಿ ಬಂದಿದೆ, ನೆಲದಲ್ಲಿ ನಿಂತೇ ಗೊನೆಗೆ ಮದ್ದು ಹೊಡೆಯಬಹುದು. ಆದರೆ ಕೆಳಗೆ ನಿಂತವನ ತಲೆಯಿಂದ ಕಾಲಿನವರೆಗೆ ನೀಲಿ ಇಳಿಯುವುದು ತಪ್ಪಿಲ್ಲ. ಆ ನೀಲಿಯನ್ನು ಒಗೆಯುವ ಕೈ ಯಾರದು ಎಂದು ಬರೆಯಬೇಕಾಗಿಲ್ಲವಷ್ಟೆ?

ಮಳೆಗಾಲ ಕಳೆದರೆ ಕೊಯ್ಲು. ಕೊಯ್ಲಾದರೆ ಅಂಗಳದಲ್ಲಿ ಹರಡುವುದು, ಒಣಗಿಸುವುದು, ಸುಲಿಸುವುದು. ಅದು ಮುಗಿಯುವಾಗ ಬೇಸಗೆ ಬಂದು ನೀರು ಬಿಡುವ ಕೆಲಸ. ತೋಟಕ್ಕೆ ರಜೆ ಎಂಬುದಿಲ್ಲ. ಮದುವೆಗೆ ನಾನು ಹೋದರೆ ಬೊಜ್ಜಕ್ಕೆ ಇವರು. ಇವರು ಮಂಗಳೂರಿಗೆ ಹೋದ ದಿನ ನಾನು ಮನೆಯಲ್ಲಿ. ಮದುವೆಯಾದ ಹೊಸತರಲ್ಲಿ ಇಬ್ಬರೂ ಸುಬ್ರಹ್ಮಣ್ಯಕ್ಕೆ ಹೋಗಿ ಹಾಲು ಕರೆಯುವ ಹೊತ್ತಿಗೆ ಮನೆ ಸೇರಿದ್ದೆವು. ಮೂವತ್ತೊಂದು ವರ್ಷಗಳಲ್ಲಿ ನಾವು ಗಂಡ ಹೆಂಡತಿ ಮಾಡಿದ ಪ್ರವಾಸ ಅದೊಂದೇ. ಇದು ನನ್ನೊಬ್ಬಳ ಕಥೆ ಅಲ್ಲ. ನಮ್ಮ ಗ್ರಾಮದಲ್ಲಿ ಹತ್ತು ಮನೆಯ ಹೆಂಗಸರನ್ನು ಕೇಳಿ, ಒಂಬತ್ತು ಮಂದಿ ಹೀಗೇ ಹೇಳಿಯಾರು.

ಹಾಗಾದರೆ ಫ್ರಾನ್ಸಿಗೆ ಹೇಗೆ ಹೋದಿರಿ ಎಂದು ಕೇಳುತ್ತೀರಿ. ತೋಟವೇ ನಮ್ಮನ್ನು ಬಿಟ್ಟಿತು, ಅದಕ್ಕೆ ಹೋದೆವು.

ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜದ ಕಡೆಯವರಿಗೆ ಹಳದಿ ರೋಗದ ಬಗ್ಗೆ ಹೇಳಬೇಕಾಗಿಲ್ಲ. ಪೇಟೆಯ ಓದುಗರಿಗಾಗಿ ಎರಡು ಮಾತು. ಅಡಿಕೆ ಮರದ ಸೋಗೆಯ ತುದಿ ಮೊದಲು ಹಳದಿಯಾಗುತ್ತದೆ. ಹೊಸ ಸೋಗೆಗಳು ಗಿಡ್ಡವಾಗುತ್ತ ಬರುತ್ತವೆ, ಮರದ ತಲೆ ಸಣ್ಣದಾಗುತ್ತದೆ. ಅಡಿಕೆ ಒಡೆದು ನೋಡಿದರೆ ಒಳಗಿನ ತಿರುಳು ಕಪ್ಪು. ಕೇರಳದಲ್ಲಿ 1914ರಷ್ಟು ಹಿಂದೆಯೇ ಕಂಡ ರೋಗ ಇದು. ಫೈಟೋಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಜೀವಿಯಿಂದ ಬರುತ್ತದೆ, ರಸ ಹೀರುವ ಒಂದು ಚಿಕ್ಕ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಹೊರುತ್ತದೆ. ಕೊಳೆರೋಗಕ್ಕಾದರೆ ಬೋರ್ಡೋ ಇದೆ. ಇದಕ್ಕೆ ಬಿಡುವ ಮದ್ದಿಲ್ಲ.

ನಮ್ಮದು ಎರಡು ತುಂಡು ತೋಟ. ಹೊಳೆ ಬದಿಯ ಕೆಳಗಿನದು, ಗುಡ್ಡದ ಬುಡದ ಮೇಲಿನದು. ಮೇಲಿನ ತೋಟ ಮಾವನವರು ಕಾಡು ಕಡಿದು, ಕಣಿ ತೋಡಿ ಮಾಡಿದ್ದು. ರೋಗ ಮೊದಲು ಹಿಡಿದದ್ದು ಅಲ್ಲಿಗೇ. ಒಂದು ಕಾಲಕ್ಕೆ ಎಂಟು ದಿನ ನಡೆಯುತ್ತಿದ್ದ ಕೊಯ್ಲು ಎರಡು ದಿನಕ್ಕೆ ಬಂತು. ಕೆಲಸದವರ ಅಡುಗೆಗೆಂದು ಇಟ್ಟಿದ್ದ ದೊಡ್ಡ ಚರಿಗೆ ಅಟ್ಟ ಸೇರಿತು. ಆದರೂ ಇವರು ಪ್ರತಿ ಮಳೆಗಾಲ ಮೇಲಿನ ತೋಟಕ್ಕೂ ಮದ್ದು ಬಿಡಿಸುತ್ತಿದ್ದರು. ಅಡಿಕೆಯೇ ಇಲ್ಲದ ಮರಕ್ಕೆ ಮದ್ದು ಯಾಕೆ ಎಂದು ನಾನು ಕೇಳಲಿಲ್ಲ, ಇವರು ಹೇಳಲಿಲ್ಲ. ಕೆಲವು ವಿಷಯಗಳು ಮನೆಯೊಳಗೆ ಹಾಗೆ ಕೂತಿರುತ್ತವೆ, ಜಗಲಿಯಲ್ಲಿ ಕಾಲು ಮುರಿದ ಕುರ್ಚಿ ಕೂತ ಹಾಗೆ. ಎಲ್ಲರೂ ಸುತ್ತು ಹಾಕಿ ನಡೆಯುತ್ತಾರೆ.

ಮಗ ಕೆಲಸದ ಮೇಲೆ ಫ್ರಾನ್ಸಿನ ಟುಲೂಸ್ ಎಂಬ ಊರಿನಲ್ಲಿದ್ದಾನೆ. 2024ರಲ್ಲಿ, “ಈಗಲಾದರೂ ಬನ್ನಿ, ಈಗ ತೋಟ ನಿಮ್ಮನ್ನು ಹಿಡಿದಿಟ್ಟುಕೊಂಡಿಲ್ಲವಲ್ಲ” ಎಂದ. ಅವನು ತಮಾಷೆಗೆ ಹೇಳಿದ್ದು. ಇವರ ಮುಖ ಸಣ್ಣದಾದದ್ದನ್ನು ನಾನು ನೋಡಿದೆ. ಆದರೂ ಸೆಪ್ಟೆಂಬರಿನಲ್ಲಿ ಹೊರಟೆವು. ಅವಲಕ್ಕಿ, ಮಿಡಿ ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಕೊಂಡದ್ದನ್ನೆಲ್ಲ ಬರೆಯುತ್ತ ಕೂತರೆ ಅದೇ ಒಂದು ಪುಸ್ತಕವಾದೀತು, ಬಿಡಿ.

ಒಂದು ವಾರ ಕಳೆದ ಮೇಲೆ ಮಗ, “ಮೂರು ದಿನ ನೀವಿಬ್ಬರೇ ಎಲ್ಲಾದರೂ ಹೋಗಿ ಬನ್ನಿ, ನಾನು ರೂಮು ಮಾಡಿ ಕೊಡುತ್ತೇನೆ. ಪ್ಯಾರಿಸ್?” ಎಂದು ಕೇಳಿದ. ಇವರು ಎಲೆ ಅಡಿಕೆ ಇಲ್ಲದೆ ಬರಿದಾದ ಬಾಯಿಯನ್ನು ಒಮ್ಮೆ ಒರೆಸಿಕೊಂಡು, “ಬೋರ್ಡೋ ಇಲ್ಲಿಂದ ಎಷ್ಟು ದೂರ?” ಎಂದರು. ಮಗ ನಕ್ಕುಬಿಟ್ಟ. “ಅಪ್ಪ ವೈನು ಕುಡಿಯಲಿಕ್ಕೆ ಹೊರಟರು” ಎಂದು ಸೊಸೆಗೆ ಹೇಳಿದ. ಇವರು ಹೊರಟದ್ದು ಮದ್ದಿನ ಊರು ನೋಡಲು ಎಂದು ನನಗೆ ಮಾತ್ರ ಗೊತ್ತಾಯಿತು.

ರೈಲಿನಲ್ಲಿ ಎರಡು ಗಂಟೆ ಚಿಲ್ಲರೆಯ ದಾರಿ. ಗರೋನ್ ಎಂಬ ಹೊಳೆ ಟುಲೂಸಿನಿಂದ ಬೋರ್ಡೋಗೆ ಹರಿಯುತ್ತದೆ. ಬೋರ್ಡೋದಲ್ಲಿ ಅದರ ಬಣ್ಣ ನೋಡಿದರೆ ಆಟಿಯ ಮಳೆಗೆ ಕೆಂಪೇರಿದ ನಮ್ಮ ಪಯಸ್ವಿನಿಯೇ. ಹೊಳೆಬದಿಯ ಉದ್ದಕ್ಕೂ ತಿಳಿಹಳದಿ ಕಲ್ಲಿನ ಹಳೆಯ ಕಟ್ಟಡಗಳು. ಒಂದು ಚೌಕದ ಎದುರು ಕರಿಕಲ್ಲು ಹಾಸಿ, ಅದರ ಮೇಲೆ ಎರಡು ಬೆರಳಿನಷ್ಟು ನೀರು ನಿಲ್ಲಿಸಿದ್ದಾರೆ. ಎದುರಿನ ಕಟ್ಟಡವೆಲ್ಲ ಅದರಲ್ಲಿ ತಲೆಕೆಳಗಾಗಿ ಕಾಣುತ್ತದೆ. ನೀರಿನ ಕನ್ನಡಿ ಎಂದೇ ಅದರ ಹೆಸರು. ಮಕ್ಕಳು ದೊಡ್ಡವರೆನ್ನದೆ ಚಪ್ಪಲಿ ಕಳಚಿ ಇಳಿಯುತ್ತಾರೆ. ಇವರು ಪ್ಯಾಂಟು ಮಡಚಿ ಗದ್ದೆಗಿಳಿದ ಹಾಗೆ ಇಳಿದರು, ಕಲ್ಲು ಜಾರುತ್ತದೆಂದು ನನಗೆ ಕೈ ಕೊಟ್ಟರು. ಆಚೆ ಬದಿ ತಲುಪಿ ಒಣ ನೆಲಕ್ಕೆ ಬಂದ ಮೇಲೂ ಆ ಕೈ ಹಾಗೇ ಇತ್ತು. ಸುಳ್ಯದ ಪೇಟೆಯಲ್ಲಿ ಇವರು ನನ್ನಿಂದ ಹತ್ತು ಮಾರು ಮುಂದೆ ನಡೆಯುವವರು. ಅಲ್ಲಿ ನಮ್ಮ ಗುರುತಿನವರು ಯಾರೂ ಇರಲಿಲ್ಲವಲ್ಲ.

ಮರುದಿನ ಮೆಡೋಕ್ ಎಂಬ ಸೀಮೆಗೆ ಹೋಗುವ ಸಣ್ಣ ಬಸ್ಸು ಹತ್ತಿದೆವು. ನಮ್ಮೊಡನೆ ಇನ್ನು ಆರು ಜನ, ಎಲ್ಲ ಜೋಡಿಗಳೇ. ಗಾಡಿ ಬಿಡುವ ಹುಡುಗಿಯೇ ಇಂಗ್ಲಿಷಿನಲ್ಲಿ ವಿವರಣೆ ಕೊಡುತ್ತಿದ್ದಳು. ರಸ್ತೆಯ ಎರಡೂ ಬದಿಗೆ ದ್ರಾಕ್ಷಿ, ಕಣ್ಣು ಹಾಯುವಷ್ಟೂ ದ್ರಾಕ್ಷಿ. ನಮ್ಮ ಕಡೆಯ ಚಪ್ಪರದ ದ್ರಾಕ್ಷಿಯಲ್ಲ, ಸೊಂಟದೆತ್ತರಕ್ಕೆ ಕತ್ತರಿಸಿ ತಂತಿಗೆ ಕಟ್ಟಿದ ಬಳ್ಳಿಗಳು. ಸಾಲಿನ ತುದಿಯಲ್ಲಿ ಕೆಲವು ಕಡೆ ಗುಲಾಬಿ ಗಿಡ. ಬೂದಿರೋಗ ಬಂದರೆ ಗುಲಾಬಿಗೆ ಮೊದಲು ತಾಗುತ್ತದೆ, ರೈತನಿಗೆ ಅದೇ ಎಚ್ಚರಿಕೆ ಎನ್ನುವುದು ಹಳಬರ ಮಾತಂತೆ. ಕೊಯ್ಲಿನವರು ಬೆನ್ನು ಬಗ್ಗಿಸಿ ಗೊಂಚಲು ಕತ್ತರಿಸುತ್ತಿದ್ದರು. “ನಮ್ಮವರಿಗೆ ಕುತ್ತಿಗೆ ನೋವು, ಇವರಿಗೆ ಸೊಂಟ ನೋವು” ಎಂದರು ಇವರು.

ಸೇಂಟ್ ಜೂಲಿಯನ್ ಎಂಬ ಹಳ್ಳಿ ಬಂದಾಗ ಹುಡುಗಿ ಗಾಡಿ ನಿಧಾನ ಮಾಡಿ ಕಥೆ ಹೇಳಿದಳು. 1870ರ ದಶಕದ ಕೊನೆಗೆ ಅಮೆರಿಕದಿಂದ ಬಂದ ಬೂಷ್ಟುರೋಗ ಇಲ್ಲಿಯ ದ್ರಾಕ್ಷಿಯ ಎಲೆಗಳನ್ನೆಲ್ಲ ಉದುರಿಸುತ್ತಿತ್ತು. 1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರೊಫೆಸರ್ ಮಿಲಾರ್ಡೆ ಈ ದಾರಿಯಲ್ಲಿ ಬರುವಾಗ ಒಂದು ಸೋಜಿಗ ಕಂಡರು. ತೋಟದ ಒಳಗಿನ ಬಳ್ಳಿಗಳೆಲ್ಲ ಬೋಳು, ರಸ್ತೆ ಬದಿಯ ಸಾಲುಗಳು ಮಾತ್ರ ಹಸಿರು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯಬಾರದೆಂದು ರಸ್ತೆ ಬದಿಗೆ ಮಾತ್ರ ಮೈಲುತುತ್ತು, ಸುಣ್ಣ ಕಲಸಿ ಎರಚಿದ್ದರಂತೆ! ನೀಲಿ ಹಿಡಿದ ಹಣ್ಣು ನೋಡಿದರೆ ಯಾರು ತಿಂದಾರು? ಮಿಲಾರ್ಡೆ ತಮ್ಮ ರಸಾಯನಶಾಸ್ತ್ರದ ಗೆಳೆಯ ಗಯೋನ್ ಜತೆಗೂಡಿ ಪ್ರಯೋಗ ಮಾಡಿ 1885ರಲ್ಲಿ ಮದ್ದನ್ನು ಲೋಕಕ್ಕೆ ಹೇಳಿದರು. ಫ್ರೆಂಚರು ಅದನ್ನು ಬೋರ್ಡೋ ಗಂಜಿ ಎನ್ನುತ್ತಾರೆ.

ಕಥೆ ಮುಗಿದಾಗ ಇವರು ಗಾಡಿಯಲ್ಲಿ ಎದ್ದೇ ನಿಂತುಬಿಟ್ಟರು. ಇವರ ಇಂಗ್ಲಿಷು ಸಹಕಾರಿ ಸಂಘದ ಸಭೆಗೆ ಸಾಕಾಗುವಷ್ಟಿದೆ. ಮುಂದಿನ ಕಥೆಯನ್ನು ಇವರೇ ಹೇಳಿದರು: ಕೆನಡಾದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿದ್ದು, ಮಲೆನಾಡಿನವರು ಗೊನೆಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದ ಕಾಲಕ್ಕೆ ಅವರು ಈ ಮದ್ದನ್ನು ಅಡಿಕೆಗೆ ಒಗ್ಗಿಸಿದ್ದು, ಕೊಳೆರೋಗ ಎಂಬ ನಮ್ಮ ಶಬ್ದ ಹಾಗೇ ಇಂಗ್ಲಿಷಿನ ವಿಜ್ಞಾನದ ಪುಸ್ತಕಗಳಿಗೆ ಹೋದದ್ದು. ಕದಿಯುವವರನ್ನು ಹೆದರಿಸಲು ಎರಚಿದ ನೀಲಿ ನೀರು ನೂರು ವರ್ಷದಿಂದ ನಮ್ಮ ಮಕ್ಕಳ ಶಾಲೆಯ ಫೀಸು ಕಟ್ಟುತ್ತಿದೆ ಎಂದಾಗ ಗಾಡಿಯವರೆಲ್ಲ ಚಪ್ಪಾಳೆ ಹೊಡೆದರು. ಅಷ್ಟು ಮಾತಾಡಿದ ನನ್ನ ಯಜಮಾನರನ್ನು ನಾನು ನೋಡದೆ ಎಷ್ಟು ವರ್ಷವಾಗಿತ್ತೋ.

ನಾವು ಇಳಿದ ತೋಟ ಸಣ್ಣದು. ಯಜಮಾನಿ ನನ್ನ ವಯಸ್ಸಿನ ಹೆಂಗಸು, ತಂದೆಯ ತೋಟ ಅವಳಿಗೇ ಬಂದದ್ದು. ಕೈಗಳು ನನ್ನ ಕೈಗಳ ಹಾಗೇ, ಉಗುರಿನ ಬುಡ ಕಪ್ಪು. ನೆಲಮಾಳಿಗೆಯಲ್ಲಿ ಓಕ್ ಮರದ ಪೀಪಾಯಿಗಳನ್ನು ತೋರಿಸಿ, ಆಮೇಲೆ ಗ್ಲಾಸುಗಳಲ್ಲಿ ಎರಡು ಬೆರಳಿನಷ್ಟು ವೈನು ಸುರಿದಳು. ಪಕ್ಕದಲ್ಲಿ ಒಂದು ಪಾತ್ರೆ. ಬಾಯಲ್ಲಿ ಆಡಿಸಿ, ರುಚಿ ನೋಡಿ, ಅದಕ್ಕೆ ಉಗಿಯಬೇಕಂತೆ! ಹತ್ತು ತೋಟ ಸುತ್ತುವವರು ಎಲ್ಲವನ್ನೂ ನುಂಗಿದರೆ ಸಂಜೆಗೆ ಮನೆ ಸೇರಲಾರರು, ಅದಕ್ಕೆ ಈ ಏರ್ಪಾಡು. ಮನೆಯಲ್ಲಿ ಅಜ್ಜನ ಕಾಲದ ಪೀಕದಾನಿ ಕಂಡ ನಮಗೆ ಇದೇನೂ ಹೊಸತಲ್ಲ. ಬೆಳೆದದ್ದನ್ನು ಅಗಿದು ಉಗಿಯುವ ಜನ ನಾವು ಮಾತ್ರವಲ್ಲ ಎಂದು ನನಗೆ ಸಮಾಧಾನವೇ ಆಯಿತು.

ಕುಡಿದಿರಾ ಎಂದು ನೀವು ಕೇಳದೆ ಬಿಡುವುದಿಲ್ಲ. ಇವರು ಗ್ಲಾಸನ್ನು ಮೂಗಿನ ಹತ್ತಿರ ತಂದು ಹಾಗೇ ಕೆಳಗಿಟ್ಟರು. ನಾನು ನಾಲಿಗೆಗೆ ಮುಟ್ಟಿಸಿದೆ. ಹುಳಿ, ಆಮೇಲೆ ಬಾಯಿಯೆಲ್ಲ ಹಿಂಡಿದ ಹಾಗೆ ಚೊಗರು, ಎಳೆ ಅಡಿಕೆ ಅಗಿದ ಹಾಗೆಯೇ. ಆ ಚೊಗರಿಗೆ ಅವಳು ಟ್ಯಾನಿನ್ ಎಂದಳು. ಇವರು ಕೂಡಲೇ, “ಅಡಿಕೆಯಲ್ಲಿಯೂ ಅದೇ” ಎಂದರು. ಫೋನಿನಲ್ಲಿದ್ದ ನಮ್ಮ ತೋಟದ ಫೋಟೋ ತೋರಿಸಿದರು. ಖರ್ಜೂರವೇ ಎಂದು ಕೇಳಿದಳು. ಅಲ್ಲ ಎಂದು ವಿವರಿಸಿ, ಐವತ್ತು ಅಡಿ ಎತ್ತರದ ಆ ಮರ ಹತ್ತಿ ಅವಳ ಊರಿನ ಮದ್ದು ಬಿಡುವುದನ್ನು ಹೇಳಿದಾಗ ಅವಳು ಬಾಯಿಗೆ ಕೈ ಇಟ್ಟಳು. ಅವಳ ಅಜ್ಜನ ಅಂಗಿಗಳು ಬೇಸಗೆಯಲ್ಲಿ ಎಂದೂ ಬಿಳಿಯಾಗಿರಲಿಲ್ಲವಂತೆ, ಅಜ್ಜಿ ಉಜ್ಜಿ ಉಜ್ಜಿ ಸೋತು ಎಲ್ಲವನ್ನೂ ನೀಲಿಗೇ ಬಿಟ್ಟಿದ್ದಳಂತೆ. ನಾವಿಬ್ಬರು ಹೆಂಗಸರು ನಕ್ಕ ನಗೆಗೆ ಗಂಡಸರೆಲ್ಲ ತಿರುಗಿ ನೋಡಿದರು. ಈಗ ಅಲ್ಲಿ ತಾಮ್ರಕ್ಕೂ ಲೆಕ್ಕವಿದೆ. ಹೆಕ್ಟೇರಿಗೆ ಏಳು ವರ್ಷದಲ್ಲಿ 28 ಕಿಲೋ ಮೀರಬಾರದೆಂದು ಯುರೋಪಿನ ಕಾನೂನು. ಬಿಟ್ಟ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ, ಎರೆಹುಳಕ್ಕೆ ಒಳ್ಳೆಯದಲ್ಲ. ನಮ್ಮ ಮಣ್ಣಿನಲ್ಲಿ ನೂರು ವರ್ಷದ್ದು ಎಷ್ಟು ಕೂತಿದೆಯೋ ಎಂದು ನನಗೆ ಯೋಚನೆ ಹತ್ತಿತು.

ಹಿಂದೆ ಬರುವಾಗ ಹುಡುಗಿ ಸೊಟರ್ನ್ ಎಂಬ ಇನ್ನೊಂದು ಸೀಮೆಯ ಸುದ್ದಿ ಹೇಳಿದಳು. ಅಲ್ಲಿ ಬೆಳಗಿನ ಮಂಜಿಗೆ ದ್ರಾಕ್ಷಿಯ ಮೇಲೆ ಬೂಷ್ಟು ಬೆಳೆಯಲಿ ಎಂದೇ ಕಾಯುತ್ತಾರಂತೆ. ಬೂಷ್ಟು ಹಣ್ಣಿನ ನೀರು ಹೀರಿ ಸಿಹಿಯನ್ನು ಉಳಿಸುತ್ತದೆ. ಆ ಕೊಳೆತ ಹಣ್ಣಿನ ವೈನಿಗೆ ಚಿನ್ನದ ಬಣ್ಣ, ಬೆಲೆಯೂ ಚಿನ್ನದ್ದೇ. “ನಮ್ಮ ಕೊಳೆಗೆ ಈ ಬುದ್ಧಿ ಯಾಕೆ ಬರಲಿಲ್ಲ ಮಾರಾಯ್ತಿ?” ಎಂದು ಇವರು ನನ್ನ ಕಿವಿಯಲ್ಲಿ ಕೇಳಿದರು.

ಅವಳೇ ಇನ್ನೊಂದು ವಿಷಯವನ್ನೂ ಹೇಳಿದಳು. ಫ್ರಾನ್ಸಿನಲ್ಲಿ ಕೆಂಪು ವೈನು ಕುಡಿಯುವವರು ಕಡಿಮೆಯಾಗುತ್ತಿದ್ದಾರೆ. ಮಾರಾಟವಾಗದ ವೈನು ಉಳಿಯುತ್ತದೆ. 2023ರಲ್ಲಿ, ಬಳ್ಳಿ ಕಿತ್ತು ಹಾಕುವವರಿಗೆ ಹೆಕ್ಟೇರಿಗೆ 6,000 ಯೂರೋ ಕೊಡುವ ಯೋಜನೆ ಬಂತು, ಬೋರ್ಡೋ ಸೀಮೆಯೊಂದರಲ್ಲೇ ಸುಮಾರು 9,500 ಹೆಕ್ಟೇರು ಕೀಳುವ ಲೆಕ್ಕ. ಇವರು ಆಮೇಲೆ ಮಾತಾಡಲಿಲ್ಲ.

ಮೂರನೆಯ ದಿನ ಸೇಂಟ್ ಎಮಿಲಿಯೋನ್ ಎಂಬ ಊರಿಗೆ ರೈಲು ಹತ್ತಿದೆವು. ದಾರಿಯಲ್ಲಿ ಕಿಟಕಿಯಿಂದ ಅದು ಕಂಡಿತು. ಹಸಿರು ಸಾಲುಗಳ ನಡುವೆ ಒಂದು ಬೋಳು ಗದ್ದೆ, ಅಂಚಿನಲ್ಲಿ ಬೇರು ಸಮೇತ ಕಿತ್ತ ಕಪ್ಪು ಬೊಡ್ಡೆಗಳ ರಾಶಿ. ಇವರು ಕಿಟಕಿಗೆ ಹಣೆ ತಾಗಿಸಿ ಅದು ಮರೆಯಾಗುವವರೆಗೂ ನೋಡಿದರು.

ಸೇಂಟ್ ಎಮಿಲಿಯೋನ್ ಗುಡ್ಡದ ಮೇಲಿನ ಹಳೆಯ ಊರು. ಒಂದೇ ಸುಣ್ಣಕಲ್ಲಿನ ಬಂಡೆಯನ್ನು ಕೊರೆದು ಮಾಡಿದ ದೊಡ್ಡ ಇಗರ್ಜಿ ಇದೆ. ಅದನ್ನು ನೋಡಿ, ಮೇಲಿನ ಕಟ್ಟೆಯಲ್ಲಿ ಕೂತು ಅವಲಕ್ಕಿಗೆ ಮೊಸರು ಕಲಸಿಕೊಂಡೆವು. ಕೆಳಗೆ ಸುತ್ತಲೂ ದ್ರಾಕ್ಷಿ ತೋಟ. ಇವರು ಫೋನಿನಲ್ಲಿ ಓದಿಕೊಂಡು ಹೇಳತೊಡಗಿದರು. ಬೂಷ್ಟಿಗಿಂತ ಮೊದಲು, 1860ರ ದಶಕದಿಂದ, ಬೇರು ತಿನ್ನುವ ಫಿಲಾಕ್ಸೆರಾ ಎಂಬ ಹೇನು ಫ್ರಾನ್ಸಿನ ದ್ರಾಕ್ಷಿಯನ್ನೆಲ್ಲ ಒಣಗಿಸಿತ್ತಂತೆ. ಅದೂ ಅಮೆರಿಕದಿಂದ ಬಂದದ್ದು. ಅದಕ್ಕೂ ಮದ್ದಿರಲಿಲ್ಲ. ಕೊನೆಗೆ ಹೇನು ತಾಗದ ಅಮೆರಿಕದ ಬಳ್ಳಿಯ ಬೇರಿಗೆ ತಮ್ಮ ಬಳ್ಳಿಯನ್ನು ಕಸಿ ಕಟ್ಟಿದರು. ಆ ಕೆಲಸದಲ್ಲೂ ಮಿಲಾರ್ಡೆಯ ಪಾಲು ದೊಡ್ಡದು. ಹಳೆಯ ಬಳ್ಳಿಗಳನ್ನೆಲ್ಲ ಕಿತ್ತು, ಹೊಸತಾಗಿ ನೆಟ್ಟು, ವರ್ಷಗಟ್ಟಲೆ ಕಾದರು. ಈಗ ಕಾಣುವ ಈ ತೋಟಗಳೆಲ್ಲ ಹೆಚ್ಚಾಗಿ ಆ ಪರದೇಶದ ಬೇರಿನ ಮೇಲೆ ನಿಂತವು.

ಸ್ವಲ್ಪ ಹೊತ್ತಿನ ಮೇಲೆ ಇವರು ಕೇಳಿದರು: “ನಮ್ಮ ಮೇಲಿನ ತೋಟದಲ್ಲಿ ಈಗ ಎಷ್ಟು ಮರ ಇರಬಹುದು?”

“ಇನ್ನೂರ ಹತ್ತು. ಹಸಿರು ಅಂತ ಹೇಳಬಹುದಾದದ್ದು ಮೂವತ್ತು” ಎಂದೆ.

“ನೀನು ಎಣಿಸಿದ್ದೀಯಾ?”

“ಪ್ರತಿ ವರ್ಷ ಎಣಿಸುತ್ತೇನೆ, ಸೋಗೆ ಹೆಕ್ಕಲಿಕ್ಕೆ ಹೋದಾಗ.”

ಇವರು ಬಟ್ಟಲು ಕೆಳಗಿಟ್ಟರು. “ನಾನೂ ಎಣಿಸುತ್ತೇನೆ. ಮೂವತ್ತಲ್ಲ, ಮೂವತ್ತೆರಡು” ಎಂದರು. ಅಪ್ಪ ನೆಟ್ಟ ಮರಕ್ಕೆ ಕೊಡಲಿ ಹಾಕಿಸುವುದು ಹೇಗೆ ಎಂಬುದೊಂದೇ ಇವರ ಕಷ್ಟ. ಇವರು ಮನಸ್ಸಿನಲ್ಲೇ ಕೊರಗಿ ಏನಾದರೂ ಮಾಡಿಕೊಂಡರೆ ಎಂಬುದು ಇಷ್ಟು ವರ್ಷ ನನ್ನ ಹೆದರಿಕೆ. ಒಂದೇ ಮನೆಯಲ್ಲಿ, ಒಂದೇ ಮರಗಳನ್ನು, ಒಬ್ಬರಿಗೊಬ್ಬರು ಹೇಳದೆ ಎಣಿಸುತ್ತ ಬಂದಿದ್ದೆವು. ಆ ಮಾತು ನಮ್ಮ ಜಗಲಿಯಲ್ಲಿ ಬರಲೇ ಇಲ್ಲ. ಜಗಲಿಯಲ್ಲಿ ಕೂತರೆ ಎದುರಿಗೇ ಆ ತೋಟ, ಗೋಡೆಯ ಮೇಲೆ ಮಾವನವರ ಫೋಟೋ. ಅದು ಹೊರಗೆ ಬರಲು ಅಷ್ಟು ದೂರದ ಒಂದು ಕಲ್ಲಿನ ಕಟ್ಟೆ ಬೇಕಾಯಿತು. ಆ ಸಂಜೆ ರೈಲಿಗೆ ಹೊತ್ತಾಗುವವರೆಗೂ ಮಾತಾಡಿದೆವು: ಏನು ಕಡಿಸುವುದು, ಏನು ಉಳಿಸುವುದು, ಮಗ ಊರಿಗೆ ಬಂದರೆ ಏನು, ಬಾರದಿದ್ದರೆ ಏನು.

ಊರಿಗೆ ಬಂದು ಆ ಚಳಿಗಾಲದಲ್ಲೇ ಮೇಲಿನ ತೋಟ ಕಡಿಸಿದೆವು. ಮೊದಲ ಮರಕ್ಕೆ ಇವರೇ ಕೈ ಮುಗಿದರು. ಹಸಿರಿದ್ದ ಮೂವತ್ತೆರಡನ್ನು ಉಳಿಸಿದ್ದೇವೆ. ರೋಗದ ನಡುವೆಯೂ ನಿಂತ ಇಂಥ ಮರಗಳಿಂದಲೇ ತಾಳಿಕೊಳ್ಳುವ ತಳಿ ಮಾಡಲು ವಿಟ್ಲದ ಸಂಶೋಧನಾ ಕೇಂದ್ರದವರು ಪ್ರಯತ್ನಿಸುತ್ತಿದ್ದಾರೆ. ಬಿಸಿಲು ಬಿದ್ದ ಜಾಗದಲ್ಲಿ ಕಾಫಿ, ಬದಿಗೆ ಕರಿಮೆಣಸು, ಮನೆಗೆ ಹತ್ತಿರವಾಗಿ ನಾನು ಕೇಳಿದ ನಾಲ್ಕು ರಂಬುಟಾನ್. ಏನಾದೀತೋ, ನೋಡಬೇಕು. ಕೆಳಗಿನ ತೋಟಕ್ಕೆ ಮದ್ದು ಬಿಡುವುದು ನಡೆದೇ ಇದೆ.

ತೋಟದ ಮನೆಯ ಅಕ್ಕತಂಗಿಯರಿಗೆ ಒಂದು ಲೆಕ್ಕ ಹೇಳಿ ಮುಗಿಸುತ್ತೇನೆ. ಒಂದನೆಯ ಮದ್ದಿಗೂ ಎರಡನೆಯ ಮದ್ದಿಗೂ ನಡುವೆ 40 ದಿನ ಇರುತ್ತವೆ. ಅದರಲ್ಲಿ ಮೂರು ದಿನ ಕಳೆದರೆ ಅಡಿಕೆಗೆ ಗೊತ್ತಾಗುವುದಿಲ್ಲ. ಫ್ರಾನ್ಸೇ ಆಗಬೇಕೆಂದಿಲ್ಲ, ವೈನಿನ ಊರೇ ಆಗಬೇಕೆಂದಿಲ್ಲ. ತೋಟ ಹಳದಿಯಾಗುವವರೆಗೆ ಕಾಯುವುದೂ ಬೇಡ. ಮರುವರ್ಷದ ಮಳೆಗಾಲದಲ್ಲಿ ನಾವಿಬ್ಬರೂ ಹಂಪಿಗೆ ಹೋಗಿ ಬಂದೆವು. ಹಟ್ಟಿಯನ್ನು ನೆರೆಕರೆಯವರು ನೋಡಿಕೊಂಡರು. ದಸರಾ ರಜೆಯಲ್ಲಿ ಅವರು ಮೈಸೂರಿಗೆ ಹೋದಾಗ ಅವರ ಹಟ್ಟಿಯನ್ನು ನಾವು ನೋಡಿಕೊಂಡೆವು.